ಮಗಳ ಮೊದಲ ಕಾರು

ನ್ಯೂಜೆರ್ಸಿಯ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಹೈಸ್ಕೂಲಿನ ಮೂರನೆಯ ವರ್ಷಕ್ಕೆ ಕಾಲಿಡುತ್ತಿದ್ದಂತೆ ಎರಡು ವಿಷಯಗಳ ಚರ್ಚೆ ಆರಂಭವಾಗುತ್ತದೆ. ಒಂದು ಕಾಲೇಜು, ಇನ್ನೊಂದು ಕಾರು. ಕಾಲೇಜಿನ ಬಗೆಗೆ ನಾವೆಲ್ಲ ವರ್ಷಗಟ್ಟಲೆ ವಿಚಾರಿಸುತ್ತೇವೆ, ಪಟ್ಟಿ ಮಾಡುತ್ತೇವೆ, ಊರೂರು ಸುತ್ತಿ ನೋಡಿ ಬರುತ್ತೇವೆ. ಕಾರಿನ ವಿಷಯವಾದರೋ ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಬಳಿಯೇ ಇತ್ಯರ್ಥವಾಗಿಬಿಡುತ್ತದೆ: ತಂದೆ ಹೊಸ ಕಾರು ಕೊಳ್ಳುವುದು, ಗ್ಯಾರೇಜಿನಲ್ಲಿರುವ ಹಳೆಯದನ್ನು ಮಕ್ಕಳಿಗೆ ಬಿಟ್ಟುಕೊಡುವುದು. ಕಲಿಯುವ ಕೈಯಲ್ಲಿ ಹೇಗೂ ನಾಲ್ಕು ಕಡೆ ಗೀರು, ತಗ್ಗು ಬೀಳುವುದು ಖಂಡಿತ. ಅದಕ್ಕೆ ಹಳೆಯದೇ ಸಾಕು ಎಂಬುದು ಇದರ ಹಿಂದಿನ ಲೆಕ್ಕ. ಕಾರಿನ ಮೈಗೆ ಬೀಳುವ ಗೀರಿನ ಮಟ್ಟಿಗೆ ಈ ಲೆಕ್ಕ ಸರಿಯಾದುದೇ. ಒಳಗೆ ಕುಳಿತ ಮಗುವಿನ ಮೈಯ ಲೆಕ್ಕ ಅದರಲ್ಲಿ ಸೇರಿರುವುದಿಲ್ಲ.

ನಮ್ಮ ಹಿರಿಯ ಮಗಳಿಗೆ ಹದಿನೇಳು ತುಂಬುವ ಮುನ್ನ ನಾವು ದಂಪತಿಗಳು ಈ ವಿಷಯವನ್ನು ಕೆಲವು ತಿಂಗಳುಗಳ ಕಾಲ ಕೂಲಂಕಷವಾಗಿ ಓದಿ, ನೋಡಿ, ಚರ್ಚಿಸಿ ಒಂದು ನಿರ್ಧಾರಕ್ಕೆ ಬಂದೆವು. ಇದೇ ಹಾದಿಯಲ್ಲಿರುವ ಸಂಘದ ಇತರ ಕುಟುಂಬಗಳಿಗೆ ಅದು ಪ್ರಯೋಜನವಾದೀತೆಂಬ ಆಶಯದಿಂದ ಈ ಬರಹ.

ಮೊದಲಿಗೆ ಒಂದು ಮಾತು. ಈ ವಿಷಯದಲ್ಲಿ ನಮಗೆ ನಮ್ಮ ಹಿರಿಯರಿಂದ ಬಂದ ತಿಳಿವಳಿಕೆ ಬಹಳ ಕಡಿಮೆ. ನಮ್ಮ ಪೀಳಿಗೆಯ ಹೆಚ್ಚಿನವರು ಮೊದಲು ಹಿಡಿದದ್ದು ಕಾರಿನ ಚಕ್ರವನ್ನಲ್ಲ, ಲೂನಾದ ಅಥವಾ ಕೈನೆಟಿಕ್ ಹೋಂಡಾದ ಹ್ಯಾಂಡಲನ್ನು. ಪಿ.ಯು.ಸಿ.ಗೆ ಟ್ಯೂಷನ್ನಿಗೆ ಹೋಗಲು ಸ್ಕೂಟರು ಸಿಕ್ಕಿದರೆ ಅದೇ ದೊಡ್ಡ ಭಾಗ್ಯ. ಹೊರಡುವಾಗ ಮನೆಯಿಂದ ಬರುತ್ತಿದ್ದ ಸುರಕ್ಷತೆಯ ಪಾಠ ಒಂದೇ: "ನೋಡ್ಕೊಂಡು ಹೋಗು." ದ್ವಿಚಕ್ರ ವಾಹನಕ್ಕೆ ಬಾಗಿಲಿಲ್ಲ, ಬೆಲ್ಟಿಲ್ಲ; ಸವಾರನ ಎಚ್ಚರಿಕೆ ಮತ್ತು ಅದೃಷ್ಟಗಳೇ ಅದರ ಕವಚ. ನಮ್ಮಲ್ಲೊಬ್ಬರು ವೈದ್ಯರು. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲದಲ್ಲಿ ಕೆ.ಆರ್. ಆಸ್ಪತ್ರೆಗೆ ರಾತ್ರಿಯ ಹೊತ್ತು ತಲೆಗೆ ಪೆಟ್ಟು ಬಿದ್ದು ಬರುತ್ತಿದ್ದ ಯುವಕರನ್ನು ಕಂಡವರು. ಅವರಲ್ಲಿ ಎಷ್ಟೋ ಮಂದಿ ಎಚ್ಚರಿಕೆಯಿಂದಲೇ ಹೊರಟವರು. ಎಚ್ಚರಿಕೆ ತಪ್ಪುಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತದೆ. ತಪ್ಪಾದ ಮೇಲೆ ದೇಹಕ್ಕೆ ಏನಾಗುತ್ತದೆ ಎಂಬುದನ್ನು ನಿರ್ಧರಿಸುವುದು ವಾಹನ.

ಹೊಸ ಚಾಲಕರು ತಪ್ಪು ಮಾಡಿಯೇ ಮಾಡುತ್ತಾರೆ. ಅಮೆರಿಕದಲ್ಲಿ ಒಂದೊಂದು ಮೈಲಿಗೆ ಲೆಕ್ಕ ಹಾಕಿದರೆ, 16ರಿಂದ 19 ವರ್ಷದ ಚಾಲಕರು ಸಾವು ಸಂಭವಿಸುವ ಅಪಘಾತಗಳಲ್ಲಿ ಸಿಲುಕುವ ಪ್ರಮಾಣ 20 ದಾಟಿದವರಿಗಿಂತ ಸುಮಾರು ಮೂರು ಪಟ್ಟು. ಅದರಲ್ಲಿಯೂ ಲೈಸೆನ್ಸ್ ಕೈಗೆ ಬಂದ ಮೊದಲ ಕೆಲವು ತಿಂಗಳುಗಳು ಅತ್ಯಂತ ಅಪಾಯದವು. ಇದು ಪುಂಡಾಟಿಕೆಯ ಫಲವೆಂದು ತಿಳಿಯಬೇಕಾಗಿಲ್ಲ. ಎದುರಿನ ವಾಹನದ ವೇಗವನ್ನು ಅಳೆಯುವುದು, ತಿರುವಿಗೆ ಮುನ್ನ ಎಷ್ಟು ನಿಧಾನಿಸಬೇಕೆಂದು ತಿಳಿಯುವುದು, ಮಂಜು ಬಿದ್ದ ರಸ್ತೆಯಲ್ಲಿ ಬ್ರೇಕನ್ನು ಎಷ್ಟು ಒತ್ತಬೇಕೆಂದು ಪಾದಕ್ಕೆ ಗೊತ್ತಾಗುವುದು, ಇವೆಲ್ಲ ಸಾವಿರಾರು ಮೈಲಿಗಳ ಅಭ್ಯಾಸದಿಂದ ಬರುವಂಥವು. ಅಂದ ಮೇಲೆ ಮೊದಲ ಕಾರನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ಇದು: ನಮ್ಮ ಮಗು ಒಂದು ದಿನ ಮಾಡಲಿರುವ ತಪ್ಪನ್ನು ಈ ಕಾರು ಎಷ್ಟರಮಟ್ಟಿಗೆ ತಾಳಿಕೊಳ್ಳುತ್ತದೆ?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ನಮ್ಮಲ್ಲಿ ರೂಢಿಯಾಗಿರುವ ಕ್ರಮ ತಲೆಕೆಳಗಾಗಿ ಕಾಣುತ್ತದೆ. ಇಪ್ಪತ್ತು ವರ್ಷ ಅನುಭವವುಳ್ಳ ತಂದೆತಾಯಿಯರು ಹೊಸ ಕಾರಿನಲ್ಲಿ ಓಡಾಡುತ್ತಾರೆ. ನಿನ್ನೆ ಲೈಸೆನ್ಸ್ ಪಡೆದ ಮಗು ಹದಿನೈದು ವರ್ಷದ ಹಳೆಯ ಪುಟ್ಟ ಕಾರಿನಲ್ಲಿ ಅದೇ ಗಾರ್ಡನ್ ಸ್ಟೇಟ್ ಪಾರ್ಕ್‌ವೇಗೆ ಇಳಿಯುತ್ತದೆ. ವಿಮಾ ಸಂಸ್ಥೆಗಳ ಹಣದಿಂದ ನಡೆಯುವ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಎಂಬ ಸಂಶೋಧನಾ ಸಂಸ್ಥೆ, ಅಂದರೆ ಐಐಎಚ್ಎಸ್, ಈ ಸಂಗತಿಯನ್ನು ಅಧ್ಯಯನ ಮಾಡಿ ತೋರಿಸಿದೆ: ಅಪಘಾತದಲ್ಲಿ ಮಡಿದ ಹದಿಹರೆಯದ ಚಾಲಕರು, ಮಧ್ಯವಯಸ್ಕ ಚಾಲಕರಿಗಿಂತ ಹೆಚ್ಚಾಗಿ ಹಳೆಯ ಮತ್ತು ಸಣ್ಣ ಕಾರುಗಳಲ್ಲಿದ್ದರು. ನಾವು ತಲುಪಿದ ತೀರ್ಮಾನವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಮನೆಯಲ್ಲಿ ಎಷ್ಟು ಕಾರುಗಳಿದ್ದರೂ, ಎಲ್ಲಕ್ಕಿಂತ ಸುರಕ್ಷಿತವಾದುದು ಎಲ್ಲರಿಗಿಂತ ಅನನುಭವಿಯಾದ ಚಾಲಕರಿಗೆ ಸಲ್ಲಬೇಕು.

ಸುರಕ್ಷಿತ ಎಂದರೇನು? ಮೊದಲನೆಯದು ತೂಕ. ತಲಾ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಬರುವ ಎರಡು ಕಾರುಗಳನ್ನು ಊಹಿಸಿಕೊಳ್ಳೋಣ. ಒಂದರ ತೂಕ 1,200 ಕೆ.ಜಿ., ಇನ್ನೊಂದರದು 2,400. ಡಿಕ್ಕಿಯ ನಂತರ ಎರಡೂ ಅಂಟಿಕೊಂಡು ಚಲಿಸುತ್ತವೆಂದು ಇಟ್ಟುಕೊಂಡರೆ, ಭಾರದ ಕಾರು ತನ್ನ ದಿಕ್ಕಿನಲ್ಲಿಯೇ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಮುಂದುವರಿಯುತ್ತದೆ. ಹಗುರವಾದುದು ಅದೇ ವೇಗದಲ್ಲಿ ಹಿಂದಕ್ಕೆ ತಳ್ಳಲ್ಪಡುತ್ತದೆ. ಅಂದರೆ ಭಾರದ ಕಾರಿನಲ್ಲಿರುವವರ ವೇಗದಲ್ಲಿ ಕ್ಷಣಾರ್ಧದಲ್ಲಿ ಆಗುವ ಬದಲಾವಣೆ 33, ಹಗುರವಾದುದರಲ್ಲಿರುವವರದು 67. ಪಿ.ಯು.ಸಿ. ಭೌತಶಾಸ್ತ್ರದ ಈ ಲೆಕ್ಕವೇ ಮೆದುಳಿಗೂ ಎದೆಗೂ ಬೀಳುವ ಪೆಟ್ಟಿನ ಲೆಕ್ಕ. ಆದ್ದರಿಂದಲೇ ಐಐಎಚ್ಎಸ್ ಹದಿಹರೆಯದವರಿಗೆ ಶಿಫಾರಸು ಮಾಡುವ ಕಾರುಗಳ ಪಟ್ಟಿಯಲ್ಲಿ 2,750 ಪೌಂಡಿಗಿಂತ, ಅಂದರೆ ಸುಮಾರು 1,250 ಕೆ.ಜಿ.ಗಿಂತ ಹಗುರವಾದವುಗಳನ್ನು ಕೈಬಿಟ್ಟಿದೆ. ನಕ್ಷತ್ರಗಳ ಶ್ರೇಣಿಯನ್ನು ನೋಡುವಾಗಲೂ ಇದನ್ನು ನೆನಪಿಡಬೇಕು. ಮುಂಭಾಗದ ಡಿಕ್ಕಿಯಲ್ಲಿ ಐದು ನಕ್ಷತ್ರ ಪಡೆದ ಪುಟ್ಟ ಕಾರನ್ನು ತನ್ನಷ್ಟೇ ತೂಕದ ಇತರ ಕಾರುಗಳೊಡನೆ ಮಾತ್ರ ಹೋಲಿಸಬಹುದು. ಐದು ನಕ್ಷತ್ರದ ದೊಡ್ಡ ಕಾರಿಗೆ ಅದು ಸಮವಲ್ಲ.

ಎರಡನೆಯದು ಕಾರಿನ ರಚನೆ. "ಹಿಂದಿನ ಕಾಲದ ಕಾರುಗಳು ಕಬ್ಬಿಣ, ಈಗಿನವು ತಗಡು" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. 2009ರಲ್ಲಿ ಐಐಎಚ್ಎಸ್ ತನ್ನ ಐವತ್ತನೆಯ ವರ್ಷದ ನೆನಪಿಗೆ 1959ರ ಶೆವ್ರೊಲೆ ಬೆಲ್ ಏರ್ ಕಾರನ್ನು 2009ರ ಶೆವ್ರೊಲೆ ಮಾಲಿಬುವಿಗೆ ಎದುರಿನಿಂದ ಡಿಕ್ಕಿ ಹೊಡೆಸಿತು. ಹಳೆಯ ಕಾರಿನಲ್ಲಿ ಚಾಲಕ ಕುಳಿತುಕೊಳ್ಳುವ ಜಾಗವೇ ಕುಸಿದುಹೋಯಿತು. ಹೊಸ ಕಾರಿನ ಮೂತಿ ನುಚ್ಚುನೂರಾಯಿತು, ಆದರೆ ಒಳಗಿನ ಕೋಣೆ ಹಾಗೆಯೇ ಉಳಿಯಿತು. ಮುಂಭಾಗ ಮಡಚಿಕೊಳ್ಳುತ್ತ ಪೆಟ್ಟಿನ ಶಕ್ತಿಯನ್ನು ತಾನು ನುಂಗಬೇಕು, ಕುಳಿತವರ ಸುತ್ತಲಿನ ಗೂಡು ಗಟ್ಟಿಯಾಗಿ ನಿಲ್ಲಬೇಕು; ಇದು ಈಗಿನ ವಿನ್ಯಾಸದ ತತ್ತ್ವ. ಪರೀಕ್ಷೆಗಳು ಕಠಿಣವಾಗುತ್ತ ಹೋದಂತೆ ಕಾರುಗಳೂ ಸುಧಾರಿಸಿವೆ. ಕಾರಿನ ಮೂತಿಯ ಒಂದು ಮೂಲೆ ಮಾತ್ರ ಕಂಬಕ್ಕೋ ಮರಕ್ಕೋ ಬಡಿಯುವಂತಹ ಡಿಕ್ಕಿಯ ಪರೀಕ್ಷೆ 2012ರಲ್ಲಿ ಚಾಲಕನ ಬದಿಗೆ ಬಂದಿತು. ಕೆಲವು ತಯಾರಕರು ಆ ಬದಿಯನ್ನು ಮಾತ್ರ ಬಲಪಡಿಸಿದ್ದು ಬೆಳಕಿಗೆ ಬಂದ ಮೇಲೆ, 2017ರಿಂದ ಪಕ್ಕದ ಆಸನದ ಬದಿಗೂ ಅದೇ ಪರೀಕ್ಷೆ ಬಂದಿತು. ಆ ಪಕ್ಕದ ಆಸನದಲ್ಲಿ ಕುಳಿತು ಕಲಿಸುವವರು ನಾವೇ ತಾನೆ!

ಪಕ್ಕದಿಂದ ಬೀಳುವ ಡಿಕ್ಕಿಯ ವಿಷಯವನ್ನು ವೈದ್ಯರ ದೃಷ್ಟಿಯಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ ಚಾಲಕರು ಬೇಗ ಎಡವುವ ಸ್ಥಳಗಳಲ್ಲಿ ಎರಡು ಮುಖ್ಯ. ಸ್ಟಾಪ್ ಫಲಕದಿಂದ ಹೊರಟು ಅಡ್ಡರಸ್ತೆಯನ್ನು ದಾಟುವುದು ಒಂದು. ಅಲ್ಲಿ ಮೊದಲು ಎದುರಾಗುವುದು ಎಡದಿಂದ ಬರುವ ವಾಹನ. ಎದುರಿನ ಸಾಲನ್ನು ಕಡಿದು ಎಡಕ್ಕೆ ತಿರುಗುವುದು ಇನ್ನೊಂದು. ಅಲ್ಲಿ ಪೆಟ್ಟು ಬೀಳುವುದು ಬಲಬದಿಗೆ. ಎಡದ ಪೆಟ್ಟಿನಲ್ಲಿ ಚಾಲಕನ ಎಡ ಪಕ್ಕೆಲುಬುಗಳು, ಅವುಗಳ ಹಿಂದಿರುವ ಗುಲ್ಮ ಮತ್ತು ಸೊಂಟದ ಮೂಳೆ ಅಪಾಯಕ್ಕೊಳಗಾಗುತ್ತವೆ. ಬಲದ ಪೆಟ್ಟಿನಲ್ಲಿ ಪಕ್ಕದಲ್ಲಿ ಕುಳಿತವರ ಯಕೃತ್ತು ಇದೇ ಸ್ಥಿತಿಯಲ್ಲಿರುತ್ತದೆ. ಹೊರಗೆ ಗಾಯವೇ ಕಾಣದೆ ಒಳಗೆ ರಕ್ತ ಸೋರುವುದು ಇಂತಹ ಪೆಟ್ಟುಗಳಲ್ಲಿ ಸಾಮಾನ್ಯ. ಎದುರಿನ ಡಿಕ್ಕಿಯಲ್ಲಿ ದೇಹಕ್ಕೂ ಪೆಟ್ಟಿಗೂ ನಡುವೆ ಬಾನೆಟ್ಟಿನ ಉದ್ದವಿದೆ. ಪಕ್ಕದಲ್ಲಿರುವುದು ಬಾಗಿಲಿನ ದಪ್ಪ ಮಾತ್ರ. ಆದ್ದರಿಂದ ಪಕ್ಕದ ಡಿಕ್ಕಿಯ ಪರೀಕ್ಷೆಯಲ್ಲಿ ಉತ್ತಮ ಶ್ರೇಣಿ, ಎದೆಗೆ ಪಕ್ಕದ ಏರ್‌ಬ್ಯಾಗ್, ತಲೆಗೆ ಕಿಟಕಿಯ ಮೇಲಿನಿಂದ ಪರದೆಯಂತೆ ಇಳಿಯುವ ಏರ್‌ಬ್ಯಾಗ್, ಈ ಮೂರೂ ಇಲ್ಲದ ಕಾರನ್ನು ನಾವು ನೋಡಲು ಸಹ ಹೋಗಲಿಲ್ಲ.

ಮೂರನೆಯದು, ಡಿಕ್ಕಿಯೇ ಆಗದಂತೆ ತಡೆಯುವ ಸಾಧನಗಳು. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಇವುಗಳಲ್ಲಿ ಅಗ್ರಗಣ್ಯ. ಕಾರು ಜಾರತೊಡಗಿದಾಗ ಬೇಕಾದ ಚಕ್ರಕ್ಕೆ ಮಾತ್ರ ತಾನಾಗಿ ಬ್ರೇಕು ಹಾಕಿ ಹಾದಿಗೆ ತರುವ ಈ ವ್ಯವಸ್ಥೆ, ಒಂಟಿ ವಾಹನವೇ ಉರುಳುವ ಅಥವಾ ರಸ್ತೆ ಬಿಟ್ಟು ಹೋಗುವ ಮಾರಣಾಂತಿಕ ಅಪಘಾತಗಳ ಅಪಾಯವನ್ನು ಸುಮಾರು ಅರ್ಧಕ್ಕೆ ಇಳಿಸಿದೆ. 2012ರ ಮಾದರಿಯಿಂದ ಈ ದೇಶದ ಎಲ್ಲ ಕಾರುಗಳಲ್ಲಿಯೂ ಇದು ಕಡ್ಡಾಯ. ಅದಕ್ಕಿಂತ ಹಳೆಯವುಗಳಲ್ಲಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಇನ್ನೊಂದು, ಸ್ವಯಂಚಾಲಿತ ತುರ್ತು ಬ್ರೇಕು. ಮುಂದಿನ ವಾಹನ ನಿಂತದ್ದನ್ನು ಚಾಲಕ ಗಮನಿಸದಿದ್ದರೆ ಕಾರೇ ಬ್ರೇಕು ಹಾಕುತ್ತದೆ. ಹಿಂದಿನಿಂದ ಹೋಗಿ ಗುದ್ದುವ ಅಪಘಾತಗಳು ಇದರಿಂದ ಸುಮಾರು ಅರ್ಧದಷ್ಟು ಕಡಿಮೆಯಾಗಿವೆ. ಗಂಟೆಗೆ 55 ಮೈಲಿ ವೇಗದಲ್ಲಿ ಐದು ಸೆಕೆಂಡು ಫೋನಿನತ್ತ ಕಣ್ಣು ಹಾಯಿಸಿದರೆ ಕಾರು 120 ಮೀಟರಿಗೂ ಹೆಚ್ಚು ದೂರ ಕುರುಡಾಗಿ ಸಾಗಿರುತ್ತದೆ. ಫೋನು ಮುಟ್ಟಬಾರದೆಂದು ಮಗಳಿಗೆ ಹೇಳಿದ್ದೇವೆ, ಆಕೆ ಒಪ್ಪಿದ್ದಾಳೆ; ಆದರೂ ಕಾರಿನಲ್ಲಿ ಆ ಬ್ರೇಕು ಇರಬೇಕೆಂದು ಪಟ್ಟು ಹಿಡಿದೆವು.

ಹಾಗಾದರೆ ಎಲ್ಲಕ್ಕಿಂತ ದೊಡ್ಡ ವಾಹನವನ್ನೇ ಕೊಂಡರೆ ಆಯಿತಲ್ಲ? ಹಿತೈಷಿಗಳೊಬ್ಬರು ನಮಗೆ ಇದನ್ನೇ ಸೂಚಿಸಿದರು. "ಒಂದು ದೊಡ್ಡ ಎಸ್‌ಯುವಿ ತೊಗೊಳ್ಳಿ, ಟ್ಯಾಂಕ್ ಇದ್ದ ಹಾಗೆ, ಯಾರು ಬಂದು ಗುದ್ದಿದ್ರೂ ಚಿಂತೆ ಇಲ್ಲ" ಎಂದರು. ಮಗಳು ಅಲ್ಲಿಯೇ ಇದ್ದಳು. "ಅಂಕಲ್, ನಾನೇ ಗುದ್ದಿದ್ರೆ?" ಎಂದು ಕೇಳಿದಳು. ಆ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಉಳಿಯಿತು. ಭಾರಿ ವಾಹನ ನಿಲ್ಲಲು ಹೆಚ್ಚು ದೂರ ಬೇಕು. ಹೊಸ ಕೈಗೆ ಅದನ್ನು ತಿರುಗಿಸುವುದೂ ನಿಲ್ಲಿಸುವುದೂ ಕಷ್ಟ. ಎತ್ತರದ ಬಾನೆಟ್ಟಿನ ಹಿಂದಿನಿಂದ ಮುಂದೆ ನಿಂತ ಪುಟ್ಟ ಮಗು ಕಾಣದು. ಮೇಲೆ ಹೇಳಿದ 67ರ ಪೆಟ್ಟನ್ನು ಇನ್ನೊಬ್ಬರ ಮಗುವಿಗೆ ವರ್ಗಾಯಿಸಿ ನಮ್ಮ ಮಗುವನ್ನು ಕಾಯುವುದು ಸುರಕ್ಷತೆಯೆನಿಸದು. ಇನ್ನೂ ಒಂದು ಅಂಶವಿದೆ. ಆಸನಗಳು ಹೆಚ್ಚಿದಷ್ಟೂ ಗೆಳೆಯರು ಹತ್ತುತ್ತಾರೆ, ಹದಿಹರೆಯದ ಗೆಳೆಯರು ಜೊತೆಗಿದ್ದಷ್ಟೂ ಅಪಘಾತದ ಸಂಭವ ಏರುತ್ತದೆ. ನ್ಯೂಜೆರ್ಸಿಯ ಕಾನೂನು ಇದನ್ನು ಮನಗಂಡೇ 17ಕ್ಕೆ ಪ್ರೊಬೇಷನರಿ ಲೈಸೆನ್ಸ್ ಪಡೆದವರು ರಾತ್ರಿ 11ರಿಂದ ಬೆಳಗಿನ 5ರವರೆಗೆ ಕಾರು ನಡೆಸದಂತೆಯೂ, ತಂದೆತಾಯಿ ಜೊತೆಗಿಲ್ಲದಿದ್ದಾಗ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಕೂರಿಸಿಕೊಳ್ಳದಂತೆಯೂ ನಿರ್ಬಂಧಿಸಿದೆ. ನಂಬರ್ ಪ್ಲೇಟಿನ ಮೇಲೆ ಅಂಟಿಸಬೇಕಾದ ಕೆಂಪು ಗುರುತು 2010ರಿಂದ ಜಾರಿಯಲ್ಲಿದೆ. ಮಕ್ಕಳಿಗೆ ಅದು ನಾಚಿಕೆಯ ವಸ್ತು, ಆದರೆ ತೆಗೆದಿಡಲು ನಾವು ಒಪ್ಪಬಾರದು.

ಇನ್ನು ಹಳೆಯ ಕಾರು ಕೊಳ್ಳುವವರು ಕೈಯಾರೆ ಮಾಡಬೇಕಾದ ತಪಾಸಣೆಗಳು. ಪ್ರತಿಯೊಂದು ಕಾರಿಗೂ ಮುಂಗಾಜಿನ ಕೆಳಮೂಲೆಯಲ್ಲಿ, ಚಾಲಕನ ಬದಿಗೆ, 17 ಅಕ್ಷರ-ಅಂಕಿಗಳ ವಿನ್ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು ಸರ್ಕಾರದ ಹೆದ್ದಾರಿ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್ಎಯ ತಾಣದಲ್ಲಿ ಹಾಕಿದರೆ, ದುರಸ್ತಿಯಾಗದೆ ಉಳಿದ ರೀಕಾಲ್‌ಗಳು ಯಾವುವೆಂದು ತಕ್ಷಣ ತಿಳಿಯುತ್ತದೆ. ಇದು ಬರಿಯ ಔಪಚಾರಿಕತೆಯಲ್ಲ. ಟಕಾಟಾ ಸಂಸ್ಥೆ ತಯಾರಿಸಿದ ಏರ್‌ಬ್ಯಾಗುಗಳ ಒಳಗಿನ ಅಮೋನಿಯಂ ನೈಟ್ರೇಟ್ ಬಿಸಿ ಮತ್ತು ತೇವದಲ್ಲಿ ವರ್ಷಗಳು ಕಳೆದಂತೆ ಕೆಟ್ಟು, ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಲೋಹದ ಚೂರುಗಳನ್ನು ಸಿಡಿಸತೊಡಗಿತು. ಈ ದೇಶದಲ್ಲಿಯೇ ಸುಮಾರು 6.7 ಕೋಟಿ ಇನ್‌ಫ್ಲೇಟರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. 2001ರಿಂದ 2003ರ ಕೆಲವು ಹೋಂಡಾ ಮತ್ತು ಅಕ್ಯುರಾ ಕಾರುಗಳಲ್ಲಿ ಅದು ಸಿಡಿಯುವ ಸಂಭವ ಶೇಕಡಾ 50ರವರೆಗೂ ಇದೆಯೆಂದು ಎನ್‌ಎಚ್‌ಟಿಎಸ್ಎ 2016ರಲ್ಲಿ ಎಚ್ಚರಿಸಿತು. ನಮ್ಮವರು ಅಭಿಮಾನದಿಂದ ಇಟ್ಟುಕೊಂಡು ಮಕ್ಕಳಿಗೆ ದಾಟಿಸುವ ಕಾರುಗಳೂ ಇವೇ ಎಂಬುದನ್ನು ಮರೆಯಬಾರದು. ದುರಸ್ತಿ ಡೀಲರಲ್ಲಿ ಉಚಿತ.

ಕಾರಿನ ಟೈಟಲ್ ಪತ್ರದಲ್ಲಿ ಸಾಲ್ವೇಜ್ ಅಥವಾ ಫ್ಲಡ್ ಎಂಬ ಗುರುತಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟುಬಿಡಬೇಕು. 2012ರ ಸ್ಯಾಂಡಿ, 2021ರ ಐಡಾ ಚಂಡಮಾರುತಗಳಲ್ಲಿ ನೀರು ನುಗ್ಗಿದ ಕಾರುಗಳನ್ನು ಕಂಡ ರಾಜ್ಯ ನಮ್ಮದು. ತಂತಿಗಳ ಒಳಗಿನ ತುಕ್ಕು ಹೊರಗಿನ ಹೊಳಪಿನಲ್ಲಿ ಕಾಣದು. ಕೀಲಿ ತಿರುಗಿಸಿದೊಡನೆ ಏರ್‌ಬ್ಯಾಗಿನ ದೀಪ ಕೆಲವು ಕ್ಷಣ ಹೊತ್ತಿ ಆರಬೇಕು. ಆರದಿದ್ದರೆ ತೊಂದರೆಯಿದೆ; ಹೊತ್ತದೆಯೇ ಇದ್ದರೆ ಯಾರೋ ಅದನ್ನು ಮುಚ್ಚಿಟ್ಟಿರಬಹುದು. ಟೈರಿನ ಪಕ್ಕದ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ: 2319 ಎಂದರೆ 2019ರ 23ನೆಯ ವಾರ. ಲಿಂಕನ್ನರ ತಲೆ ಕೆಳಗಾಗುವಂತೆ ಪೆನ್ನಿ ನಾಣ್ಯವನ್ನು ಟೈರಿನ ಕಚ್ಚಿನಲ್ಲಿ ಇಟ್ಟಾಗ ಪೂರ್ತಿ ತಲೆ ಕಂಡರೆ ಟೈರು ಸವೆದಿದೆಯೆಂದೇ ಅರ್ಥ. ಕೊನೆಗೆ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಹಣ ಕೊಟ್ಟು ತೋರಿಸುವುದು ಉಚಿತ.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ನಾವು ಕೊಂಡದ್ದು 2019ರ ಟೊಯೋಟಾ ಕ್ಯಾಮ್ರಿ, ಬೂದು ಬಣ್ಣದ್ದು. ಮಗಳು ಮನಸ್ಸಿನಲ್ಲಿಟ್ಟುಕೊಂಡಿದ್ದು ಎರಡು ಬಾಗಿಲಿನ ಪುಟ್ಟ ಕೆಂಪು ಕಾರು. "ಇದು ಅಜ್ಜಂದಿರ ಕಾರು" ಎಂದು ಮುಖ ಸಣ್ಣದು ಮಾಡಿದಳು. ಅಜ್ಜಂದಿರ ಕಾರು ನಿಜ: ವೇಗಕ್ಕೆ ಆಸೆ ಹುಟ್ಟಿಸುವ ಎಂಜಿನ್ ಇಲ್ಲ, ಬೀದಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ತೂಕ ಮಧ್ಯಮ, ತುರ್ತು ಬ್ರೇಕು ಮೂಲದಿಂದಲೇ ಇದೆ. ನಾವು ಗೊತ್ತುಮಾಡಿದ್ದ 18,000 ಡಾಲರಿನ ಮಿತಿಯೊಳಗೆ ಸಿಕ್ಕಿತು. ಮಾಜ್ದಾ 3, ಸುಬಾರು ಔಟ್‌ಬ್ಯಾಕ್, ಹೋಂಡಾ ಸಿಆರ್-ವಿಗಳ ಇತ್ತೀಚಿನ ಮಾದರಿಗಳನ್ನೂ ನೋಡಿದ್ದೆವು, ಅವೂ ಒಳ್ಳೆಯವೇ. ಅಷ್ಟು ಹಣ ಕೈಯಲ್ಲಿಲ್ಲದ ಕುಟುಂಬಗಳು ಹೊಸದನ್ನು ಕೊಳ್ಳುವ ಬದಲು ಮನೆಯಲ್ಲಿರುವ ಕಾರುಗಳನ್ನೇ ಅದಲುಬದಲು ಮಾಡಿಕೊಳ್ಳಬಹುದು. ಹಳೆಯದನ್ನು ತಂದೆ ಕಚೇರಿಗೆ ಒಯ್ಯಲಿ, ಈಚಿನದನ್ನು ಮಗು ಶಾಲೆಗೆ ಒಯ್ಯಲಿ. ಇದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ನಮ್ಮ ಬಿಂಕವನ್ನು ಸ್ವಲ್ಪ ಬಿಡುವ ಮನಸ್ಸು.

ಬ್ರಿಡ್ಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನದಲ್ಲಿ ವಾಹನ ಪೂಜೆಯಾಯಿತು. ಚಕ್ರದಡಿಯಲ್ಲಿ ನಿಂಬೆಹಣ್ಣು ಹಿಂಡಿದ್ದೂ ಆಯಿತು. ಮೈಸೂರಿನಿಂದ ಅಜ್ಜಿ ವಿಡಿಯೋದಲ್ಲಿ ನೋಡಿ, "ಅಷ್ಟು ಚಿಕ್ಕ ಹುಡುಗಿ ಕೈಗೆ ಕಾರು ಕೊಡ್ತೀರಲ್ಲ, ನಿಮಗೆ ಭಯ ಆಗಲ್ವಾ?" ಎಂದರು. ಭಯವಿದೆ. ಆಸ್ಪತ್ರೆಯ ತುರ್ತು ವಿಭಾಗದ ಹೊರಗೆ ಕುಳಿತ ತಂದೆತಾಯಿಯರು ತಪ್ಪು ಯಾರದೆಂದು ಮೊದಲು ಕೇಳುವುದಿಲ್ಲ, ಕಾರಿನ ಗತಿ ಏನಾಯಿತೆಂದೂ ಕೇಳುವುದಿಲ್ಲ. "ಮಾತಾಡ್ತಿದ್ದಾಳಾ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೌದೆಂಬ ಉತ್ತರ ಬರುವ ಸಾಧ್ಯತೆಯನ್ನು ಮುಂಚಿತವಾಗಿ ಹೆಚ್ಚಿಸಿಕೊಳ್ಳಲು ನಮ್ಮ ಕೈಲಾದುದು ಈ ಕಾರಿನ ಆಯ್ಕೆ. ಅದರ ಜೊತೆಗೆ ಇನ್ನೊಂದು, ಸೀಟ್ ಬೆಲ್ಟ್: ಈ ದೇಶದಲ್ಲಿ ಕಾರಿನೊಳಗೆ ಮಡಿಯುವ ಹದಿಹರೆಯದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ಕಟ್ಟಿಕೊಂಡಿರುವುದಿಲ್ಲ. ಹಿಂದಿನ ಆಸನದವರೂ ಬೆಲ್ಟು ಕಟ್ಟದೆ ಕಾರು ಹೊರಡಕೂಡದು ಎಂಬುದು ನಮ್ಮ ಮನೆಯಲ್ಲಿ ಚರ್ಚೆಗೆ ಅವಕಾಶವಿಲ್ಲದ ಏಕೈಕ ನಿಯಮ.

ಈಗ ಭಾನುವಾರಗಳಂದು ಆಕೆ ಹನ್ನೆರಡು ವರ್ಷದ ತಮ್ಮನನ್ನು ಕೂರಿಸಿಕೊಂಡು ಸಂಘದ ಕನ್ನಡ ಶಾಲೆಗೆ ಹೋಗುತ್ತಾಳೆ. ಅಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾಳೆ. ಸ್ಟಾಪ್ ಫಲಕದಲ್ಲಿ ಅಕ್ಕ ಪೂರ್ತಿ ನಿಲ್ಲಿಸುತ್ತಾಳೆಂದು ತಮ್ಮ ವರದಿ ಒಪ್ಪಿಸುತ್ತಾನೆ. ಹಿಂದಿನ ಬಂಪರಿನ ಮೇಲೆ ಆಗಲೇ ಒಂದು ಗೀರು ಬಿದ್ದಿದೆ. ಅದನ್ನು ನಾವು ಬಣ್ಣ ಹಾಕಿಸದೆ ಹಾಗೆಯೇ ಬಿಟ್ಟಿದ್ದೇವೆ.